ಮೊದಲ ಬೇಸ್ ಗಿಟಾರ್: ಕೈಯಲ್ಲಿರುವ ಹಣವನ್ನು ಎಲ್ಲಿ ಹಾಕಬೇಕು

ಬೇಸ್ ಗಿಟಾರ್ ಕಲಿಯಲು ಹೊರಟವರು ಮೊದಲು ಕೇಳುವುದು ಯಾವ ಕಂಪನಿಯ ಬೇಸ್ ಒಳ್ಳೆಯದು ಎಂದು. ಈ ಪ್ರಶ್ನೆಗೆ ಹಿಂದೆ ಇದ್ದ ತೂಕ ಈಗ ಇಲ್ಲ. ಇಂಡೊನೇಷ್ಯಾ ಮತ್ತು ಚೀನಾದ ಕಾರ್ಖಾನೆಗಳಲ್ಲಿ ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಮರ ಕೊರೆಯತೊಡಗಿದ ಮೇಲೆ, ಹೆಸರಿರುವ ಕಂಪನಿಗಳ ಆರಂಭಿಕ ದರ್ಜೆಯ ಬೇಸ್‌ಗಳ ನಡುವಿನ ಅಂತರ ಬಹಳ ತಗ್ಗಿದೆ. ಹೊಸಬರು ಕಲಿಕೆಯನ್ನು ಅರ್ಧಕ್ಕೇ ಕೈಬಿಡುವಂತೆ ಮಾಡುವ ಕಾರಣಗಳು ಬೇರೆಯೇ ಇವೆ. ತಂತಿಗಳು ತೀರ ಎತ್ತರದಲ್ಲಿದ್ದು ಬೆರಳು ನೋಯಿಸುವ ನೆಕ್ (ಬೆರಳಿಟ್ಟು ತಂತಿ ಒತ್ತುವ ಉದ್ದನೆಯ ಕತ್ತಿನ ಭಾಗ) ಒಂದು. ನುಡಿಸಿದ್ದು ನುಡಿಸಿದವರಿಗೇ ಸರಿಯಾಗಿ ಕೇಳಿಸದಿರುವುದು ಇನ್ನೊಂದು. ಸೀಮಿತ ಹಣವಿರುವವರು ಈ ಎರಡನ್ನು ಸರಿಪಡಿಸಿಕೊಳ್ಳಲು ಮೊದಲು ಖರ್ಚು ಮಾಡಬೇಕು, ಉಳಿದದ್ದೆಲ್ಲ ಆಮೇಲೆ ಎಂಬುದು ನನ್ನ ನಿಲುವು.

ಕೇಳಿಸುವ ವಿಷಯವನ್ನೇ ಮೊದಲು ನೋಡೋಣ, ಏಕೆಂದರೆ ಅಂಗಡಿಯಲ್ಲಿ ಇದರ ಬಗ್ಗೆ ಮಾತನಾಡುವವರು ಕಡಿಮೆ. ನಾಲ್ಕು ತಂತಿಗಳ ಬೇಸನ್ನು ದಪ್ಪ ತಂತಿಯಿಂದ ಸಣ್ಣ ತಂತಿಯ ಕಡೆಗೆ ಇ, ಎ, ಡಿ, ಜಿ ಎಂದು ಶ್ರುತಿ ಮಾಡುತ್ತಾರೆ. ಸಾಮಾನ್ಯ ಗಿಟಾರಿನ ನಾಲ್ಕು ದಪ್ಪ ತಂತಿಗಳಿಗಿಂತ ಇವು ಸರಿಯಾಗಿ ಒಂದು ಸ್ಥಾಯಿ ಕೆಳಗಿವೆ. ಇ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41, ಎ ತಂತಿಯದು 55, ಡಿ ತಂತಿಯದು 73, ಜಿ ತಂತಿಯದು 98. ಸಿ ಶ್ರುತಿಯಲ್ಲಿ ಹಾಡುವ ಗಾಯಕರ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿಯೇ ಸುಮಾರು 65 ಹರ್ಟ್ಜ್‌ನಲ್ಲಿ ನುಡಿಯುತ್ತದೆ. ಬೇಸಿನ ಇ ತಂತಿ ಅದಕ್ಕಿಂತಲೂ ಎಷ್ಟೋ ಕೆಳಗೆ ಇಳಿಯುತ್ತದೆ ಎಂದರೆ ಅದರ ಆಳ ಅಂದಾಜಿಗೆ ಸಿಗಬಹುದು.

ಮೊಬೈಲಿನ ಅಥವಾ ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರ್‌ಗಳಿಗೆ ಈ ಆಳದ ನಾದವನ್ನು ಹೊರಡಿಸುವ ಶಕ್ತಿಯಿಲ್ಲ. ಆದರೂ ಅವುಗಳಲ್ಲಿ ಹಾಡು ಕೇಳುವಾಗ ಬೇಸ್ ಇರುವಂತೆ ಅನಿಸುವುದು ಏಕೆಂದರೆ, ಮೂಲ ಕಂಪನದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟಿರುವ ಉಪಸ್ವರಗಳು ಕಿವಿಗೆ ತಲುಪುತ್ತವೆ, ಕಾಣೆಯಾದ ಮೂಲವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಹಾಡು ಕೇಳಲು ಅಷ್ಟು ಸಾಕು, ಕಲಿಯಲು ಸಾಲದು. ಬೇಸ್ ನುಡಿಸುವಾಗ ಕೈಗಳಿಗೆ ಅರ್ಧ ಕೆಲಸ ಬೇಡದ ತಂತಿಗಳನ್ನು ಸುಮ್ಮನಿರಿಸುವುದು. ಜಿ ತಂತಿಯಲ್ಲಿ ಒಂದು ಸ್ವರ ನುಡಿಸುತ್ತಿರುವಾಗ ಅದರೊಂದಿಗೆ ಇ ತಂತಿಯೂ ಮೆಲ್ಲಗೆ ಅನುರಣಿಸುತ್ತಿದ್ದರೆ ಸಣ್ಣ ಸ್ಪೀಕರಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಹೀಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರು ಮೊದಲ ಬಾರಿಗೆ ದೊಡ್ಡ ಸ್ಪೀಕರಿಗೆ ಬೇಸ್ ಜೋಡಿಸಿದಾಗ ಸ್ವರಗಳೆಲ್ಲ ಒಂದರೊಳಗೊಂದು ಕಲಸಿಹೋಗಿ ಕೇಳಿಸುತ್ತವೆ. ಆಗ ಅವರು ದೂರುವುದು ಆ ಆಂಪ್ಲಿಫೈಯರನ್ನು.

ಹಾಗಾದರೆ ಆಂಪ್ ಎಷ್ಟು ದೊಡ್ಡದಿರಬೇಕು? ಇಲ್ಲಿ ಎರಡು ಸಂಗತಿಗಳು ನಮಗೆ ವಿರುದ್ಧವಾಗಿ ಕೆಲಸ ಮಾಡುತ್ತವೆ. ತಗ್ಗು ನಾದಕ್ಕೆ ನಮ್ಮ ಕಿವಿ ಮಂದ, ಆದ್ದರಿಂದ ಅಷ್ಟೇ ಜೋರಾಗಿ ಕೇಳಿಸಲು ಹೆಚ್ಚು ಶಕ್ತಿ ಬೇಕು. ಜೊತೆಗೆ, ಅದೇ ಮಟ್ಟದ ಶಬ್ದವನ್ನು ಒಂದು ಸ್ಥಾಯಿ ಕೆಳಗೆ ಹೊರಡಿಸಲು ಸ್ಪೀಕರಿನ ಕಾಗದದ ಶಂಕು ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಚಲಿಸಬೇಕು. ಸಾಮಾನ್ಯ ಗಿಟಾರ್ ಆಂಪಿಗೆ ಬೇಸ್ ಜೋಡಿಸಬೇಡಿ ಎಂದು ತಿಳಿದವರು ಹೇಳುವುದು ಇದೇ ಕಾರಣಕ್ಕೆ. ಮೆಲ್ಲಗೆ ನುಡಿಸಿದರೆ ಏನೂ ಆಗುವುದಿಲ್ಲ. ಜೋರು ಮಾಡಿದರೆ ಅಷ್ಟು ಚಲನೆಗೆಂದು ತಯಾರಾಗದ ಸ್ಪೀಕರ್ ಹರಿಯುತ್ತದೆ. ವ್ಯಾಟ್ ಸಂಖ್ಯೆಯೂ ಮೋಸಗೊಳಿಸುವಂಥದ್ದು. ವ್ಯಾಟ್ ಎರಡರಷ್ಟಾದರೆ ಶಬ್ದ 3 ಡೆಸಿಬೆಲ್ ಮಾತ್ರ ಏರುತ್ತದೆ, ಕಿವಿಗೆ ಎರಡರಷ್ಟು ಜೋರು ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಆದ್ದರಿಂದ 15 ಮತ್ತು 25 ವ್ಯಾಟ್‌ಗಳ ನಡುವೆ ತಲೆ ಕೆಡಿಸಿಕೊಳ್ಳುವ ಬದಲು ಸ್ಪೀಕರಿನ ವ್ಯಾಸವನ್ನೂ ಪೆಟ್ಟಿಗೆಯ ಗಾತ್ರವನ್ನೂ ನೋಡಬೇಕು. ಮನೆಯ ಅಭ್ಯಾಸಕ್ಕೆ 8 ಅಥವಾ 10 ಇಂಚಿನ ಸ್ಪೀಕರ್ ಇರುವ, ಹೆಡ್‌ಫೋನಿಗೆ ಜಾಗವಿರುವ, ಮೊಬೈಲಿನಿಂದ ಹಾಡು ಹಾಕಿಕೊಳ್ಳಲು ಇನ್‌ಪುಟ್ ಇರುವ ಪುಟ್ಟ ಬೇಸ್ ಆಂಪ್ ಸಾಕು. 6 ಇಂಚಿನ ಸ್ಪೀಕರಿನ ಆಂಪ್‌ಗಳಿಗಿಂತ ಹೆಡ್‌ಫೋನೇ ಮೇಲು.

ಹೆಡ್‌ಫೋನಿನ ದಾರಿ ನಮ್ಮ ನಗರಗಳ ಅಪಾರ್ಟ್‌ಮೆಂಟ್ ಬದುಕಿಗೆ ಹೆಚ್ಚು ಹೊಂದುತ್ತದೆ. ತಗ್ಗು ನಾದ ಗೋಡೆ ದಾಟಿ ಹೋಗುತ್ತದೆ. ಪಕ್ಕದ ಮನೆಯವರಿಗೆ ನಿಮ್ಮ ಸಂಗೀತ ಕೇಳಿಸದಿದ್ದರೂ ಗುಂಯ್‌ಗುಡುವಿಕೆ ಮಾತ್ರ ತಪ್ಪದೆ ಕೇಳಿಸುತ್ತದೆ. ಸಾಧಾರಣ ಬೆಲೆಯ, ಕಿವಿಯನ್ನು ಪೂರ್ತಿ ಮುಚ್ಚುವ, ತಂತಿಯಿರುವ ಹೆಡ್‌ಫೋನು ಇ ತಂತಿಯ ಮೂಲ ಕಂಪನವನ್ನು ಅದಕ್ಕಿಂತ ಎಷ್ಟೋ ದುಬಾರಿಯಾದ ಆಂಪಿಗಿಂತ ಚೆನ್ನಾಗಿ ಕೇಳಿಸಬಲ್ಲದು. ಬೇಸಿನಿಂದ ಹೆಡ್‌ಫೋನಿಗೆ ಹೋಗಲು ನಡುವೆ ಏನಾದರೂ ಬೇಕು. ಅತಿ ಅಗ್ಗದ ದಾರಿ ಬೇಸಿನ ಜ್ಯಾಕಿಗೇ ನೇರವಾಗಿ ಸಿಕ್ಕಿಸುವ ಬೆಂಕಿಪೊಟ್ಟಣದ ಗಾತ್ರದ ಹೆಡ್‌ಫೋನ್ ಆಂಪ್. ವಾಕ್ಸ್ ಕಂಪನಿಯ ಆಂಪ್ಲಗ್ ಸರಣಿಯಲ್ಲಿ ಬೇಸಿಗೆಂದೇ ಒಂದು ಮಾದರಿಯಿದೆ. ಸ್ವಲ್ಪ ಹೆಚ್ಚು ಹಣ ಹಾಕಿದರೆ ಝೂಮ್ ಬಿ1 ಫೋರ್‌ನಂತಹ ನಾದಕ್ಕೆ ಬಗೆಬಗೆಯ ಬಣ್ಣ ಕೊಡುವ ಮಲ್ಟಿ-ಎಫೆಕ್ಟ್ ಪೆಡಲ್ ಸಿಗುತ್ತದೆ. ಅದರಲ್ಲಿ ಟ್ಯೂನರ್, ತಾಳಕ್ಕೆ ಡ್ರಮ್ ಲಯಗಳು, ನುಡಿಸಿದ್ದನ್ನು ಸುತ್ತಿ ಸುತ್ತಿ ಕೇಳಿಸುವ ಲೂಪರ್, ಹೆಡ್‌ಫೋನ್ ಜಾಗ ಎಲ್ಲವೂ ಇರುವುದರಿಂದ, ಎಫೆಕ್ಟ್‌ಗಳನ್ನು ಮುಟ್ಟದೆ ಇದ್ದರೂ ಕೊಟ್ಟ ಹಣಕ್ಕೆ ನ್ಯಾಯ ಸಿಗುತ್ತದೆ. ಈಗಾಗಲೇ ಲ್ಯಾಪ್‌ಟಾಪ್ ಇರುವವರಿಗೆ ಫೋಕಸ್‌ರೈಟ್ ಸ್ಕಾರ್ಲೆಟ್‌ನಂತಹ ಆಡಿಯೊ ಇಂಟರ್‌ಫೇಸ್ (ವಾದ್ಯದ ನಾದವನ್ನು ಕಂಪ್ಯೂಟರಿಗೆ ಒಯ್ಯುವ ಪುಟ್ಟ ಪೆಟ್ಟಿಗೆ) ಮೂರನೆಯ ದಾರಿ. ರೆಕಾರ್ಡ್ ಮಾಡಿ ಕೇಳಿಕೊಳ್ಳುವ ಅಭ್ಯಾಸ ಹತ್ತಲು ಇದರಷ್ಟು ನೆರವಾಗುವುದು ಬೇರೆ ಇಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ಬೇಸನ್ನು ಕಂಪ್ಯೂಟರಿನ ಮೈಕ್ ಕಿಂಡಿಗೋ ಹೋಮ್ ಥಿಯೇಟರಿನ ಲೈನ್ ಇನ್‌ಪುಟ್‌ಗೋ ಜೋಡಿಸಿದರೆ ನಾದ ಮಂಕಾಗುತ್ತದೆ. ಬ್ಯಾಟರಿಯಿಲ್ಲದ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಹೊರಡಿಸುವ ವಿದ್ಯುತ್ ಸಂಕೇತ ತೀರ ದುರ್ಬಲವಾದದ್ದು. ಅದನ್ನು ಎಳೆದು ಬಳಲಿಸದ, ಸುಮಾರು ಹತ್ತು ಲಕ್ಷ ಓಮ್ ಪ್ರತಿರೋಧದ ಇನ್‌ಪುಟ್ ಅದಕ್ಕೆ ಬೇಕು, ಲೈನ್ ಇನ್‌ಪುಟ್‌ಗಳಲ್ಲಿ ಅದು ಹತ್ತಿಪ್ಪತ್ತು ಸಾವಿರದ ಆಸುಪಾಸಿನಲ್ಲಿರುತ್ತದೆ. ಇಂಟರ್‌ಫೇಸ್‌ಗಳಲ್ಲಿ 'ಇನ್‌ಸ್ಟ್' ಎಂದು ಬರೆದಿರುವ ಗುಂಡಿ ಇರುವುದು ಇದಕ್ಕಾಗಿಯೇ. ಎರಡನೆಯದು ಬ್ಲೂಟೂತ್. ಸಾಮಾನ್ಯ ಬ್ಲೂಟೂತ್ ಸ್ಪೀಕರ್ ಮತ್ತು ಹೆಡ್‌ಫೋನುಗಳಲ್ಲಿ ಧ್ವನಿ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಐದನೇ ಒಂದು ಭಾಗದಷ್ಟು ತಡವಾಗಿ ಬರುತ್ತದೆ. ನಿಮಿಷಕ್ಕೆ 120 ಪೆಟ್ಟುಗಳ ಲಯದಲ್ಲಿ ಒಂದು ಪೆಟ್ಟಿನ ಕಾಲು ಭಾಗವೆಂದರೆ ಸೆಕೆಂಡಿನ ಎಂಟನೇ ಒಂದು ಭಾಗ. ಲಯವನ್ನೇ ಹೊರಬೇಕಾದ ವಾದ್ಯವನ್ನು ಇಷ್ಟು ತಡವಾಗಿ ಕೇಳಿಸಿಕೊಂಡು ಕಲಿಯಲು ಸಾಧ್ಯವಿಲ್ಲ.

ಅಮೆರಿಕದಲ್ಲಿರುವ ಅಣ್ಣನೋ ಅತ್ತಿಗೆಯೋ ಊರಿಗೆ ಬರುವಾಗ ಆಂಪ್ ತರಿಸಿಕೊಳ್ಳುವ ಯೋಚನೆ ಕನ್ನಡದ ಮನೆಗಳಲ್ಲಿ ಹೊಸದಲ್ಲ. ಬೇಸ್ ತರಿಸಬಹುದು, ಅದಕ್ಕೆ ಗೋಡೆಯ ವಿದ್ಯುತ್ ಬೇಕಿಲ್ಲ. ಆದರೆ ಅಲ್ಲಿನ ಆಂಪ್ 120 ವೋಲ್ಟಿಗೆ ತಯಾರಾದದ್ದಾಗಿದ್ದರೆ ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಹಾಕಿದ ಕ್ಷಣವೇ ಸುಟ್ಟುಹೋಗಬಹುದು, ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಕೊಂಡರೆ ಉಳಿಸಿದ ಹಣ ಅದಕ್ಕೇ ಹೋಗುತ್ತದೆ.

ಇನ್ನು ವಾದ್ಯ. ಇಂದು ಅಂಗಡಿಯಲ್ಲಿ ನೇತಾಡುವ ಅಗ್ಗದ ಬೇಸ್‌ಗಳಲ್ಲಿ ಹೆಚ್ಚಿನವು ಎರಡು ವಿನ್ಯಾಸಗಳ ಸಂತಾನ. ಕ್ಯಾಲಿಫೋರ್ನಿಯಾದ ಲಿಯೊ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್ ಒಂದು, ಅದೇ ಕಂಪನಿಯಿಂದ 1960ರಲ್ಲಿ ಬಂದ ಜಾಝ್ ಬೇಸ್ ಇನ್ನೊಂದು. ಪ್ರಿಸಿಷನ್‌ನಲ್ಲಿ 1957ರಿಂದ ಎರಡು ತುಂಡಾಗಿ ಸೀಳಿದಂತಿರುವ ಒಂದೇ ಪಿಕಪ್ ಇದೆ; ಆ ಎರಡು ತುಂಡುಗಳು ಹೊರಗಿನ ವಿದ್ಯುತ್ ಗುಂಯ್‌ಗಾಟವನ್ನು ಪರಸ್ಪರ ಅಳಿಸಿಹಾಕುತ್ತವೆ. ಜಾಝ್ ಬೇಸಿನಲ್ಲಿ ಎರಡು ತೆಳು ಪಿಕಪ್‌ಗಳಿದ್ದು, ಎರಡನ್ನೂ ಸಮನಾಗಿ ತೆರೆದಾಗ ಮಾತ್ರ ಗುಂಯ್‌ಗಾಟ ಅಳಿಯುತ್ತದೆ, ಒಂದನ್ನೇ ಬಳಸಿದರೆ ಮರಳಿ ಬರುತ್ತದೆ. ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ನಮ್ಮ ವಿದ್ಯುತ್ತಿನ 50 ಹರ್ಟ್ಜ್ ಬಂದು ಕೂರುವುದು ಇ ತಂತಿಯ ಮೂರನೇ ಫ್ರೆಟ್ಟಿನ (ಫ್ರೆಟ್ ಎಂದರೆ ನೆಕ್ಕಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಗೆರೆ) ಜಿ ಸ್ವರದ ಪಕ್ಕದಲ್ಲೇ, ಆ ಸ್ವರ 49 ಹರ್ಟ್ಜ್. ಆರಂಭಿಕ ದರ್ಜೆಯಲ್ಲಿ ಎರಡೂ ಬಗೆಯನ್ನು ಬೆರೆಸಿದ, ಅಂಗಡಿಯವರು ಪಿಜೆ ಎನ್ನುವ ಜೋಡಣೆ ಹೆಚ್ಚು ಸಿಗುತ್ತದೆ. ಯಮಾಹಾ ಟಿಆರ್‌ಬಿಎಕ್ಸ್ 174 ಅಂಥದ್ದು. ಐಬನೀಜ್‌ನ ಜಿಎಸ್‌ಆರ್ ಸರಣಿ, ಕಾರ್ಟ್‌ನ ಆಕ್ಷನ್ ಸರಣಿ, ಫೆಂಡರಿನ ಅಗ್ಗದ ಹೆಸರಾದ ಸ್ಕ್ವಯರ್ ಇವೆಲ್ಲ ಅದೇ ಮಟ್ಟದ ಆಯ್ಕೆಗಳು. ಇವುಗಳ ನಡುವೆ ಯಾವುದನ್ನು ಆರಿಸಿದರೂ ದೊಡ್ಡ ತಪ್ಪಾಗುವುದಿಲ್ಲ. ನಿಮ್ಮ ಕೈಗೆ ಬಂದಿರುವ ಆ ಒಂದು ವಾದ್ಯ ಹೇಗಿದೆ ಎಂಬುದು ಮಾದರಿಯ ಹೆಸರಿಗಿಂತ ಮುಖ್ಯ.

ಆಕ್ಟಿವ್ ಮತ್ತು ಪ್ಯಾಸಿವ್ ಎಂಬ ಚರ್ಚೆಯನ್ನು ಬೇಗ ಮುಗಿಸಬಹುದು. ಆಕ್ಟಿವ್ ಬೇಸಿನೊಳಗೆ 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಸಣ್ಣ ವಿದ್ಯುನ್ಮಂಡಲ ಇರುತ್ತದೆ, ಕೇಬಲ್ ಸಿಕ್ಕಿಸಿಟ್ಟಿರುವವರೆಗೂ ಅದು ಬ್ಯಾಟರಿಯನ್ನು ತಿನ್ನುತ್ತಲೇ ಇರುತ್ತದೆ. ಹೊಸಬರಿಗೆ ಪ್ಯಾಸಿವ್ ಸಾಕು. ಐದು ತಂತಿಗಳ ಬೇಸ್ ಕೂಡ ಸದ್ಯಕ್ಕೆ ಬೇಡ. 31 ಹರ್ಟ್ಜ್‌ಗೆ ಇಳಿಯುವ ಅದರ ಬಿ ತಂತಿಯನ್ನು ಅಗ್ಗದ ಆಂಪ್ ಕೇಳಿಸುವುದೇ ಇಲ್ಲ, ಸುಮ್ಮನಿರಿಸಬೇಕಾದ ತಂತಿ ಮಾತ್ರ ಒಂದು ಹೆಚ್ಚಾಗುತ್ತದೆ. ಮರದ ಜಾತಿಯ ಬಗ್ಗೆ ಮಾರಾಟಗಾರರು ಹೇಳುವುದನ್ನು ಸೌಜನ್ಯದಿಂದ ಕೇಳಿ ಬಿಟ್ಟುಬಿಡಬಹುದು.

ನಿಜವಾಗಿ ಯೋಚಿಸಬೇಕಾದದ್ದು ಉದ್ದ. ತಲೆಯ ಬಳಿ ತಂತಿ ಕೂರುವ ನಟ್‌ನಿಂದ ಒಡಲಿನ ಮೇಲಿನ ಬ್ರಿಜ್‌ವರೆಗೆ ತಂತಿ ಮಿಡಿಯುವ ಉದ್ದ ಸಾಮಾನ್ಯ ಬೇಸಿನಲ್ಲಿ 34 ಇಂಚು, ಶಾರ್ಟ್ ಸ್ಕೇಲ್ ಎನ್ನುವ ಬೇಸಿನಲ್ಲಿ 30 ಇಂಚು. ನಾಲ್ಕು ಬೆರಳುಗಳನ್ನು ಮೊದಲ ನಾಲ್ಕು ಫ್ರೆಟ್ಟುಗಳ ಮೇಲೆ ಚಾಚಿದಾಗ 34 ಇಂಚಿನದರಲ್ಲಿ ಒಂದನೇ ಫ್ರೆಟ್ಟಿನಿಂದ ನಾಲ್ಕನೆಯದಕ್ಕೆ ಸುಮಾರು 13 ಸೆಂಟಿಮೀಟರ್, 30 ಇಂಚಿನದರಲ್ಲಿ ಹನ್ನೊಂದೂವರೆ. ಒಂದೂವರೆ ಸೆಂಟಿಮೀಟರಿನ ಈ ವ್ಯತ್ಯಾಸ ಹತ್ತು ಹನ್ನೆರಡು ವರ್ಷದ ಮಕ್ಕಳಿಗೂ ಪುಟ್ಟ ಕೈಯವರಿಗೂ ದೊಡ್ಡದೇ. ಸ್ಕ್ವಯರ್ ಬ್ರಾಂಕೊ 30 ಇಂಚಿನದು, ಐಬನೀಜ್ ಮೈಕ್ರೊ ಇನ್ನೂ ಗಿಡ್ಡ, 28.6 ಇಂಚು. ಶಾರ್ಟ್ ಸ್ಕೇಲ್ ಮಕ್ಕಳ ಆಟಿಕೆ ಎಂಬ ಅಸಡ್ಡೆ ಕೆಲವರಲ್ಲಿದೆ. ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಹಾಫ್ನರ್ ಬೇಸ್ ಶಾರ್ಟ್ ಸ್ಕೇಲಿನದೇ. ಸುಮಾರು ನೂರು ಪೌಂಡ್ ಬೆಲೆಯ ಫೆಂಡರ್ ಕೈಗೆಟುಕದೆ ಸುಮಾರು ಮೂವತ್ತು ಪೌಂಡಿಗೆ ಅದನ್ನು ಕೊಂಡದ್ದು, ಎಡಗೈಯವರಾದ ಅವರಿಗೆ ಅದರ ಸಮಸಮ ಆಕಾರವೂ ಹಿಡಿಸಿತು. ಅಗ್ಗವೆಂದು ಕೊಂಡ ವಾದ್ಯ ಬೀಟಲ್ಸ್ ತಂಡದ ಗುರುತೇ ಆಗಿಹೋಯಿತು.

ಅಂಗಡಿಯಲ್ಲಿ ವಾದ್ಯವನ್ನು ಹೀಗೆ ನೋಡಬೇಕು. ಬೇಸನ್ನು ಬಂದೂಕಿನಂತೆ ಕಣ್ಣಿನ ಮಟ್ಟಕ್ಕೆ ಹಿಡಿದು ನೆಕ್ಕಿನ ಎರಡೂ ಅಂಚುಗಳನ್ನು ಉದ್ದಕ್ಕೆ ಗಮನಿಸಿ. ತುಸು ಬಾಗಿದ್ದರೆ ಚಿಂತೆಯಿಲ್ಲ, ಅದು ಸರಿಹೋಗುವಂಥದ್ದು. ತಿರುಚಿಕೊಂಡಿದ್ದರೆ, ಅಂದರೆ ಎರಡು ಅಂಚುಗಳು ಬೇರೆ ಬೇರೆ ದಿಕ್ಕಿಗೆ ಬಾಗಿದ್ದರೆ, ಎಷ್ಟೇ ಅಗ್ಗವಾದರೂ ಬೇಡ. ಪ್ರತಿಯೊಂದು ತಂತಿಯಲ್ಲೂ ಪ್ರತಿಯೊಂದು ಫ್ರೆಟ್ಟನ್ನೂ ಒಂದೊಂದಾಗಿ ನುಡಿಸಿ. ಎಲ್ಲೋ ಒಂದೇ ಕಡೆ ಝರ್ ಎಂದರೆ ಆ ಫ್ರೆಟ್ ಎದ್ದಿದೆ ಎಂದರ್ಥ. ಜಿ ತಂತಿಯಲ್ಲಿ ಐದರಿಂದ ಏಳನೇ ಫ್ರೆಟ್ಟಿನ ಆಸುಪಾಸು ಒಂದು ಸ್ವರ ಬೇಗ ಸತ್ತಂತೆ ಅನಿಸಿದರೆ ಗಾಬರಿಯಾಗಬೇಕಿಲ್ಲ, ಫೆಂಡರ್ ಬಗೆಯ ನೆಕ್‌ಗಳಲ್ಲಿ ದುಬಾರಿ ಬೇಸಿಗೂ ಆ ಸ್ವಭಾವವಿದೆ. ಗುಂಡಿಗಳನ್ನು ತಿರುಗಿಸಿದಾಗ ಕರಕರ ಬರಬಾರದು, ಕೇಬಲನ್ನು ಅಲುಗಾಡಿಸಿದಾಗ ಶಬ್ದ ನಿಲ್ಲಬಾರದು. ಕೊನೆಗೆ ಭುಜದ ಪಟ್ಟಿ ಹಾಕಿಕೊಂಡು ನಿಂತು ನೋಡಬೇಕು. ನಾಲ್ಕು ಕಿಲೋ ಕುಳಿತಾಗ ಏನೂ ಅನಿಸುವುದಿಲ್ಲ. ನಿಂತಾಗ ಭುಜಕ್ಕೆ ಗೊತ್ತಾಗುತ್ತದೆ, ತಲೆಯ ಭಾಗ ನೆಲದತ್ತ ವಾಲುವ ಬೇಸ್ ಆದರೆ ಎಡಗೈ ಅದನ್ನು ಎತ್ತಿ ಹಿಡಿಯುವುದರಲ್ಲೇ ಬಳಲುತ್ತದೆ.

ಕೊಂಡ ಬೇಸನ್ನು ಒಬ್ಬ ಒಳ್ಳೆಯ ರಿಪೇರಿಯವರ ಬಳಿ ಒಯ್ದು ಸೆಟಪ್ ಮಾಡಿಸುವುದು ನಾನು ಯಾವ ಕಾರಣಕ್ಕೂ ಬಿಟ್ಟುಕೊಡದ ಖರ್ಚು. ಬೇಸಿನ ನಾಲ್ಕು ತಂತಿಗಳು ಒಟ್ಟಾಗಿ ಎಪ್ಪತ್ತು ಕಿಲೋಗೂ ಹೆಚ್ಚಿನ ಬಲದಿಂದ ನೆಕ್ಕನ್ನು ಎಳೆಯುತ್ತಿರುತ್ತವೆ. ಆ ಎಳೆತಕ್ಕೆ ಎದುರಾಗಿ ನೆಕ್ಕಿನೊಳಗೆ ಟ್ರಸ್ ರಾಡ್ ಎಂಬ ಲೋಹದ ಸರಳಿದೆ. ಕಾರ್ಖಾನೆಯಿಂದ ಹೊರಟು, ಹಡಗಿನಲ್ಲಿ ತಿಂಗಳು ಕಳೆದು, ಗೋದಾಮಿನಲ್ಲಿ ಕಾದು ನಮ್ಮ ಕೈ ಸೇರುವಷ್ಟರಲ್ಲಿ ಈ ಸಮತೋಲ ತಪ್ಪಿರುವುದು ಸಹಜ. ಸೆಟಪ್ ಎಂದರೆ ಸರಳನ್ನು ಬಿಗಿಮಾಡಿಯೋ ಸಡಿಲಿಸಿಯೋ ನೆಕ್ಕಿನ ಬಾಗನ್ನು ಸರಿಪಡಿಸಿ, ಬ್ರಿಜ್‌ನಲ್ಲಿ ತಂತಿಯ ಎತ್ತರವನ್ನು ಇಳಿಸಿ, ನಟ್‌ನ ಕೊರೆಗಳ ಆಳ ನೋಡಿ, ಹನ್ನೆರಡನೇ ಫ್ರೆಟ್ಟಿನಲ್ಲಿ ಒತ್ತಿದ ಸ್ವರವೂ ಅಲ್ಲೇ ಮೃದುವಾಗಿ ಮುಟ್ಟಿ ಹೊರಡಿಸಿದ ಹಾರ್ಮೋನಿಕ್ ಸ್ವರವೂ ಒಂದೇ ಆಗುವಂತೆ ಮಾಡುವುದು. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿ 2ರಿಂದ 2.5 ಮಿಲಿಮೀಟರ್ ಎತ್ತರದಲ್ಲಿದ್ದರೆ ಹೊಸಬರ ಬೆರಳಿಗೆ ಹಿತ. ಕೊಂಡ ದಿನ ಅದು 4 ಮಿಲಿಮೀಟರ್ ಇದ್ದರೆ, ಕಲಿಯುವವರು ತಮ್ಮ ಬೆರಳಿಗೆ ಬಲವಿಲ್ಲವೆಂದು ಭಾವಿಸಿ ಬೇಸನ್ನು ಮೂಲೆಗಿಡುತ್ತಾರೆ.

ನಮ್ಮ ಹವೆಯೂ ಈ ಲೆಕ್ಕದಲ್ಲಿ ಸೇರುತ್ತದೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಮರ ನೀರು ಹೀರಿ ಉಬ್ಬುತ್ತದೆ, ನೆಕ್ ಜಾಗ ಬದಲಿಸುತ್ತದೆ, ತಂತಿ ತುಕ್ಕು ಹಿಡಿಯುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿ, ಫ್ರೆಟ್ಟುಗಳ ತುದಿಗಳು ನೆಕ್ಕಿನ ಅಂಚಿನಿಂದ ಹೊರಚಾಚಿ ಅಂಗೈ ತರಚುತ್ತವೆ. ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ, ನುಡಿಸಿದ ಮೇಲೆ ಒಣ ಬಟ್ಟೆಯಿಂದ ತಂತಿ ಒರೆಸುವುದು, ಮಳೆಗಾಲ ಕಳೆದ ಮೇಲೆ ಒಮ್ಮೆ ಸೆಟಪ್ ನೋಡಿಸುವುದು, ಇಷ್ಟನ್ನು ಕರಾವಳಿಯವರು ಖರ್ಚಿನ ಪಟ್ಟಿಗೆ ಸೇರಿಸಿಕೊಳ್ಳಲಿ.

ತಂತಿಗಳಲ್ಲಿ 45ರಿಂದ 105ರ ದಪ್ಪದ ಸೆಟ್ ಸಾಮಾನ್ಯ; ಈ ಅಂಕಿಗಳು ಇಂಚಿನ ಸಾವಿರದ ಭಾಗಗಳು. ಬೆರಳು ನೋಯುವವರು 40ರಿಂದ 95ರ ಸೆಟ್ ಹಾಕಿಸಿಕೊಳ್ಳಬಹುದು, ಆದರೆ ಎಳೆತ ಬದಲಾಗುವುದರಿಂದ ಸೆಟಪ್‌ಗೆ ಮೊದಲೇ ಅದನ್ನು ನಿರ್ಧರಿಸಬೇಕು. ಗುಂಡು ಸುತ್ತಿನ ತಂತಿಗಳು ಹೊಳಪಿನ ನಾದ ಕೊಟ್ಟು ಬೇಗ ಮಂಕಾಗುತ್ತವೆ. ಚಪ್ಪಟೆ ಸುತ್ತಿನವು ದುಬಾರಿ, ಆದರೆ ವರ್ಷಗಟ್ಟಲೆ ಬಾಳುತ್ತವೆ, ಬೆರಳಿಗೂ ನುಣುಪು. ಅಮೆರಿಕದ ಮೋಟೌನ್ ಧ್ವನಿಮುದ್ರಣ ಕಂಪನಿಯ ಎಷ್ಟೋ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಚಪ್ಪಟೆ ತಂತಿಗಳನ್ನೇ ಬಳಸುತ್ತಿದ್ದರು, ತುಂಡಾಗದ ಹೊರತು ಅವನ್ನು ಬದಲಿಸುತ್ತಿರಲಿಲ್ಲ ಎಂಬುದು ಪ್ರಸಿದ್ಧ. ತಿಂಗಳಿಗೊಂದು ಸೆಟ್ ತಂತಿ ಬೇಕು ಎನ್ನುವವರಿಗೆ ಈ ಉದಾಹರಣೆ ಸಾಕು.

ಉಳಿದ ಸಾಮಾನುಗಳಲ್ಲಿ ಅಗಲವಾದ ಪಟ್ಟಿಗೂ ಗಟ್ಟಿ ಕೇಬಲಿಗೂ ಮಾತ್ರ ಕೈ ಬಿಗಿಹಿಡಿಯಬಾರದು. ಟ್ಯೂನರ್ ಆ್ಯಪ್ ಉಚಿತವಾಗಿ ಸಿಗುತ್ತದೆ. ಮೊಬೈಲಿನ ಮೈಕಿಗೆ ಇ ತಂತಿ ಸರಿಯಾಗಿ ಸಿಗದಿದ್ದರೆ ಹನ್ನೆರಡನೇ ಫ್ರೆಟ್ಟಿನ ಹಾರ್ಮೋನಿಕ್ ನುಡಿಸಿದರೆ 82 ಹರ್ಟ್ಜ್‌ನಲ್ಲಿ ಅದು ಸುಲಭವಾಗಿ ಹಿಡಿಯುತ್ತದೆ. ಬೇಸ್, ಆಂಪ್, ಚೀಲ, ಕೇಬಲ್ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬರುವ ಪ್ಯಾಕ್‌ಗಳು ನೋಡಲು ಲಾಭವೆನಿಸಿದರೂ ನನಗೆ ಅವುಗಳ ಮೇಲೆ ನಂಬಿಕೆ ಕಡಿಮೆ, ಏಕೆಂದರೆ ಬೆಲೆ ಇಳಿಸಲು ಅವರು ಮೊದಲು ಕತ್ತರಿಸುವುದು ಆಂಪನ್ನೇ.

ಒಟ್ಟು ಮೂವತ್ತು ಸಾವಿರ ರೂಪಾಯಿ ಇದೆ ಎಂದಿಟ್ಟುಕೊಂಡರೆ, ಇಪ್ಪತ್ತು ಸಾವಿರದ ಆಸುಪಾಸು ಬೇಸಿಗೆ, ಎರಡು ಸಾವಿರ ಸೆಟಪ್‌ಗೆ, ಆರು ಸಾವಿರ ಹೆಡ್‌ಫೋನ್ ಮತ್ತು ಅದರ ಸಾಧನಕ್ಕೆ, ಉಳಿದದ್ದು ಪಟ್ಟಿ ಮತ್ತು ಕೇಬಲಿಗೆ ಎಂದು ನಾನು ಹಂಚುತ್ತೇನೆ. ಇಪ್ಪತ್ತೆಂಟು ಸಾವಿರದ ಬೇಸ್ ಕೊಂಡು ಉಳಿದ ಎರಡರಲ್ಲಿ ಎಲ್ಲ ಮುಗಿಸುವವರಿಗಿಂತ ಹೀಗೆ ಹಂಚಿದವರು ಬೇಗ ಮುಂದೆ ಹೋಗುತ್ತಾರೆ. ಡ್ರಮ್ ಜೊತೆ ನುಡಿಸುವ ಕಾಲ ಬಂದಾಗ ನೂರಾರು ವ್ಯಾಟಿನ ಆಂಪ್ ಕೊಳ್ಳಬೇಕಾಗುತ್ತದೆ ಎಂಬ ಭಯವೂ ಬೇಡ. ಬೆಂಗಳೂರಿನಂತಹ ನಗರಗಳ ಜ್ಯಾಮ್ ರೂಮ್‌ಗಳಲ್ಲಿ ಗಂಟೆಯ ಬಾಡಿಗೆಗೆ ಬೇಸ್ ಆಂಪ್ ಸೇರಿಯೇ ಸಿಗುತ್ತದೆ, ಆರ್ಕೆಸ್ಟ್ರಾ ವೇದಿಕೆಗಳಲ್ಲಿ ಡಿಐ ಬಾಕ್ಸ್ (ಬೇಸಿನ ಸಂಕೇತವನ್ನು ಮಿಕ್ಸರಿಗೆ ಒಗ್ಗಿಸುವ ಪುಟ್ಟ ಪೆಟ್ಟಿಗೆ) ಮೂಲಕ ಬೇಸನ್ನು ನೇರವಾಗಿ ಮಿಕ್ಸರಿಗೆ ಕೊಡುತ್ತಾರೆ.

ಹಣ ಇನ್ನೂ ಕಡಿಮೆಯಿದ್ದರೆ ಹೊಸ ಅನಾಮಧೇಯ ಬೇಸಿಗಿಂತ ಹೆಸರಿರುವ ಕಂಪನಿಯ ಹಳೆಯ ಬೇಸ್ ಮೇಲು. ಕೈಬಿಟ್ಟವರು ಮಾರುವ ಇಂಥ ವಾದ್ಯಗಳು ಹೆಚ್ಚು ಸವೆದಿರುವುದೇ ಇಲ್ಲ. ಮೇಲೆ ಹೇಳಿದ ಪರೀಕ್ಷೆಗಳ ಜೊತೆಗೆ, ಟ್ರಸ್ ರಾಡಿನ ತಿರುಪು ಇನ್ನೂ ತಿರುಗುತ್ತದೆಯೇ ಎಂದು ಮಾರುವವರ ಒಪ್ಪಿಗೆ ಪಡೆದು ಕಾಲು ಸುತ್ತು ಸಡಿಲಿಸಿ ನೋಡಬೇಕು. ಅದು ಪೂರ್ತಿ ಬಿಗಿದು ಕುಳಿತಿದ್ದು ನೆಕ್ ಮಾತ್ರ ಇನ್ನೂ ಬಾಗಿದ್ದರೆ, ಆ ಬೇಸನ್ನು ಅಲ್ಲೇ ಬಿಟ್ಟು ಬರುವುದು ಲೇಸು. ತಲೆಯ ಮೇಲೆ ಫೆಂಡರ್ ಎಂದು ಬರೆದು ಬೆಲೆ ಮಾತ್ರ ಸ್ಕ್ವಯರಿಗಿಂತ ಕಡಿಮೆ ಹೇಳುವವರನ್ನು ನಂಬುವ ಮೊದಲು ಬೇಸ್ ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ.